ಮದುಮಗನ ಹಣೆಗೆ ಎಣ್ಣೆ

ಸುರಗಿ ಮುಗಿದು, ತಲೆಗೆ ನೀರು ಬಿದ್ದು,
ಹೊಸ ರುಮಾಲು ಸುತ್ತಿ ಕೂತ ಮದುಮಗನಿಗೆ
ಕಾರು ಇನ್ನೊಮ್ಮೆ ಎಣ್ಣೆ ಹಚ್ಚಿತು.
ಯಾರದೋ ಹಾರಕ್ಕೆ ಮುಂದೆ ಬಾಗಿದ್ದನಂತೆ.
ಒಂದೇ ತೊಟ್ಟು. ರುಮಾಲಿನ ಅಂಚಿನಿಂದ
ಹುಬ್ಬುಗಳ ನಡುವೆ, ಬೆಚ್ಚಗೆ.
ಹೆಣ್ಣಿನ ಸೋದರಮಾವ ಅಪಶಕುನ ಅಂದ.
ಬಾಡಿಗೆ ಅರ್ಧಕ್ಕರ್ಧ ಮುರಿದುಕೊಂಡರು.

ಮರುದಿನ ಕೌಲ್ ಬಜಾರಿನ ನನ್ನ ಶೆಡ್ಡಿಗೆ
ರಾಮಾಂಜಿನಿ ಅದನ್ನು ತಂದು ನಿಲ್ಲಿಸಿದಾಗ
ಮಾಡು ಅರ್ಧಕ್ಕೆ ಎದ್ದು ನಿಂತಿತ್ತು,
ದೊಡ್ಡವರು ಬಂದರೆಂದು ಏಳಹೋಗಿ
ಬಂದವರು ಯಾರೆಂದು ಗೊತ್ತಾಗಿ
ಕೂರಲೋ ನಿಲ್ಲಲೋ ಅನ್ನುವವನ ಹಾಗೆ.

"ಉಸ್ತಾದ್, ಗುರುವಾರ ಬಂಡಿಮೋಟಿನಾಗ ಮದುವಿ ಐತೆ."
ತೆಲುಗಿನಲ್ಲಿ ಒಮ್ಮೆ ಕಾರನ್ನು ಬೈದ,
ಕನ್ನಡದಲ್ಲಿ ಒಮ್ಮೆ ತನ್ನನ್ನೇ ಬೈದುಕೊಂಡ.
ಗಣಿ ನಿಂತ ವರ್ಷ ಬ್ಯಾಂಕಿನವರು ಹರಾಜಿಗಿಟ್ಟ ಗಾಡಿ.
ಮೊದಲಿನ ಧಣಿ ಅದರ ಮಾಡು ತೆಗೆದದ್ದು
ನಾಲ್ಕೇ ಸಲವಂತೆ.
ಈ ಬಿಸಿಲಲ್ಲಿ ನೆತ್ತಿ ತೆರೆದು ಓಡಾಡಲು
ಅಷ್ಟು ದುಡ್ಡು ಯಾಕೆ ಕೊಟ್ಟನೋ.

ನನ್ನ ಕೈ ಕಲಿತದ್ದು ಟಿಪ್ಪರುಗಳ ಜಾಕಿಯಲ್ಲಿ.
ದೋಣಿಮಲೈ ಇಳಿದು ಬಂದ ಗಾಡಿಗಳು,
ಆಳೆತ್ತರದ ಸಿಲಿಂಡರು, ತೊಡೆಯಷ್ಟು ದಪ್ಪ ರಾಡು,
ಹದಿನೈದು ಟನ್ ಅದಿರನ್ನು
ನಿದ್ದೆ ಹೋದ ಕೂಸನ್ನು ಎತ್ತಿದಂತೆ ಎತ್ತುವ ಎಣ್ಣೆ.
ಇದರದ್ದೋ, ಕಿರುಬೆರಳು.
ಮುಂದಿನ ಗಾಜಿನ ನೆತ್ತಿಯಲ್ಲಿ, ಕನ್ನಡಿಯ ಮೇಲೆ,
ಅಸ್ತರಿನೊಳಗೆ ಬಚ್ಚಿಟ್ಟ ಬೀಗದ ಸಿಲಿಂಡರು.
ಆದರೂ ಎಣ್ಣೆ ಎಣ್ಣೆಯೇ.
ಒತ್ತಿದರೆ ದಾರಿ ಹುಡುಕುತ್ತದೆ.

ಡಿಕ್ಕಿ ತೆಗೆದು ಪಂಪು ನೋಡಿದೆ. ಡಬ್ಬಿಯಲ್ಲಿ
ಕೆಳಗಿನ ಗೆರೆಗಿಂತ ಎರಡು ಬೆರಳು ಕೆಳಗೆ.
ಎಲ್ಲ ಒರೆಸಿ, ಒಣಗಿಸಿ, ಮಾಲನ್‌ಬೀಯ
ಪೌಡರ್ ಡಬ್ಬಿ ಕೇಳದೆ ತಂದು
ಪೈಪು, ಗಂಟು, ಸಂದುಗಳಿಗೆಲ್ಲ ಬಳಿದೆ.
ಎರ್ರಿಸ್ವಾಮಿ ಗುಂಡಿ ಒತ್ತಿದ.
ಪಂಪು ನರಳಿತು. ಕಾದೆವು.
ಬಿಳಿಯ ಮೇಲೆ ಒಂದು ಕಡೆ, ಒಂದೇ ಕಡೆ,
ನಿಧಾನಕ್ಕೆ
ತೇವ.

ಬಿಚ್ಚಿದರೆ ಸೀಲು ಹಳೇ ಬೆಲ್ಲದ ಹಾಗೆ ಪುಡಿಯಾಯಿತು.
ಪಾಪ, ಚಳಿದೇಶದಲ್ಲಿ ಹುಟ್ಟಿದ ಉಂಗುರ.
ಅದರ ಮೈಗೂ ನಮ್ಮ ಕೆಂಪು ಧೂಳು.
ಕಂಪನಿಯವರನ್ನು ಕೇಳಿದರೆ ಸೀಲು ಕೊಡುವುದಿಲ್ಲ,
ಇಡೀ ಸಿಲಿಂಡರೇ ತಗೊಳ್ಳಿ ಅನ್ನುತ್ತಾರೆ. ಆ ದುಡ್ಡಲ್ಲಿ
ರಾಮಾಂಜಿನಿ ತಾನೇ ಇನ್ನೊಂದು ಮದುವೆ ಆಗಬಹುದು.
ಟಿಪ್ಪರ್ ಕಾಲದ ಸೀಲುಗಳನ್ನೆಲ್ಲ ತಟ್ಟೆಗೆ ಸುರಿದು
ವರ್ನಿಯರ್ ಹಿಡಿದು ಕೂತೆ. ಒಗ್ಗರಣೆ ಮಂಡಕ್ಕಿ ಮೆತ್ತಗಾಯಿತು.
ಹದಿನಾರನೆಯದು ಕೂತಿತು.
ಬೀಗದಲ್ಲಿ ಕೀಲಿ ಕೂತ ಹಾಗಲ್ಲ,
ಬಾಯಲ್ಲಿ ಕಟ್ಟಿಸಿದ ಹಲ್ಲು ಕೂತ ಹಾಗೆ,
ಸ್ವಲ್ಪ ಮುನಿಸಿಕೊಂಡು.

"ಇನ್ನೂ ಹತ್ತು ಅದಾವೆ ನೋಡು," ಅಂದೆ,
"ಎಲ್ಲಾ ಒಂದೇ ವಯಸ್ಸಿನವು.
ಒಂದು ಹೋದ್ರೆ ಉಳಿದವು ಸುಮ್ನಿರಲ್ಲ."
ಅವನು ಜೇಬು ಮುಟ್ಟಿಕೊಂಡ.
"ಗುರುವಾರ ಒಂದು ದಾಟ್ಲಿ, ಉಸ್ತಾದ್."
ಹಲ್ಲಿನ ಡಾಕ್ಟರಿಗೆ ನಾನೂ ಹಾಗೇ ಹೇಳಿದ್ದೆ.

ಗುರುವಾರ ರಾತ್ರಿ ಬಂಡಿಮೋಟಿಗೆ ಹೋಗಿ ನಿಂತೆ.
ಯಾರೂ ಕರೆದಿರಲಿಲ್ಲ.
ಬ್ಯಾಂಡು, ಜನರೇಟರಿನ ಬಂಡಿ,
ತಲೆಯ ಮೇಲೆ ದೀಪ ಹೊತ್ತ ಹುಡುಗರು,
ಅವರ ಹಿಂದೆ ತೆರೆದ ಕಾರು.
ಜನ ಮದುಮಗನ ಮುಖ ನೋಡಿದರು.
ನಾನು ಹಣೆ ನೋಡಿದೆ.
ಕುಂಕುಮ, ಅಕ್ಕಿಕಾಳು, ಬೆವರು.
ರಾಮಾಂಜಿನಿ ಸ್ಟೇರಿಂಗಿನಿಂದ ಹೆಬ್ಬೆರಳು ಎತ್ತಿ ತೋರಿಸಿದ.

ಮೆರವಣಿಗೆ ತಿರುವು ದಾಟಿದ ಮೇಲೆ
ಮೊಬೈಲಿನ ಬೆಳಕು ಹಿಡಿದು
ಕಾರು ನಿಂತಿದ್ದ ಜಾಗಕ್ಕೆ ಬಂದು ಕುಕ್ಕರಗಾಲಲ್ಲಿ ಕೂತೆ.
ಪಟಾಕಿ ಕಾಗದ, ತುಳಿದ ಚೆಂಡುಹೂವು,
ನಡುವೆ ಅಂಗೈಯಗಲ ಒದ್ದೆ.
ಎದೆ ಒಮ್ಮೆ ಜಗ್ಗಿತು.
ಬೆರಳು ಚಾಚಿ, ಹಿಂದಕ್ಕೆ ತೆಗೆದೆ.
ಯಾರೋ ಚೆಲ್ಲಿದ ಶರಬತ್ತು.
ಇರುವೆಗಳು ಆಗಲೇ ಬಂದು ಸೇರಿದ್ದವು.

ಎಣ್ಣೆಗೆ ಇರುವೆ ಬರುವುದಿಲ್ಲ.
ಎದ್ದು, ಮೊಣಕಾಲು ಜಾಡಿಸಿ, ಮನೆಗೆ ಹೋದೆ.